ಮೂಡಣ ಗೋಡೆಯ ಜಾಲಂದ್ರ

ಈ ಸಂಗತಿಯನ್ನು ನನಗೆ ಹೇಳಿದವಳು ಹೊನ್ನವ್ವ. ಹಾವೇರಿ ಕಡೆಯ ಗುತ್ತಲದಿಂದ ಹೊಳೆಯ ದಿಕ್ಕಿಗೆ ಹೋಗುವ ದಾರಿಯಲ್ಲಿನ ಒಂದು ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಊರಿನ ಹೆಸರು ಬರೆಯಬೇಡಿರಿ ಎಂದಳು, ಬರೆದಿಲ್ಲ. ೨೦೦೭ರಲ್ಲಿ ನಡೆದದ್ದು ಮರುವರ್ಷಕ್ಕಾಗಲೇ ಕಥೆಯಾಗಿ ಕುಪ್ಪೇಲೂರಿನವರೆಗೂ ಹಬ್ಬಿತ್ತು. ಅಲ್ಲಿನವರು ಹೇಳುವಾಗ ಕೊನೆ ಬೇರೆಯಾಗುತ್ತದೆ. ಹೊನ್ನವ್ವ ಕಣ್ಣಾರೆ ಕಂಡವಳಾದ್ದರಿಂದ ನಾನು ಅವಳ ಮಾತನ್ನೇ ಹಿಡಿದಿದ್ದೇನೆ.

ಆ ಊರಿನ ಹಳೆಯ ಶಾಲೆ ತಗಡಿನ ಕೋಣೆ. ಶಿವರಾತ್ರಿ ಕಳೆದರೆ ಒಳಗೆ ಕೂರುವಂತಿರಲಿಲ್ಲ. ಮಕ್ಕಳು ಹುಣಸೆಮರದ ನೆರಳನ್ನು ಹಿಂಬಾಲಿಸುತ್ತ ಪಾಠ ಕಲಿಯುತ್ತಿದ್ದರು. ಹೊಸ ಶಾಲೆಯ ನಕ್ಷೆ ಬರೆದು ಕಟ್ಟಿಸಿದವಳು ಶ್ರೀವಾಣಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಮಗಳು. ಕಡಿಮೆ ಖರ್ಚಿನಲ್ಲಿ ತಂಪಾಗಿರಬೇಕೆಂದು ಊರಿನ ಮಣ್ಣನ್ನೇ ಇಟ್ಟಿಗೆಯಾಗಿ ಒತ್ತಿಸಿದಳು. ಮೇಲೆ ಎತ್ತರದ ಹಂಚಿನ ಮಾಡು. ಪಡುವಣ, ಮೂಡಣ ಗೋಡೆಗಳೆರಡರಲ್ಲೂ ಇಟ್ಟಿಗೆ ಬಿಟ್ಟು ಇಟ್ಟಿಗೆ ಇಟ್ಟ ಜಾಲಂದ್ರ. ಒಂದು ಕಡೆಯಿಂದ ಬಂದ ಗಾಳಿ ಮಕ್ಕಳ ತಲೆಯ ಮೇಲೆ ಹಾದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಮೊದಲ ಬೇಸಿಗೆಯಲ್ಲಿ ಊರ ಹಿರಿಯರು ಮೊಮ್ಮಕ್ಕಳ ಅಭ್ಯಾಸ ವಿಚಾರಿಸುವ ನೆಪದಲ್ಲಿ ಮಧ್ಯಾಹ್ನ ಅಲ್ಲಿಗೇ ಬಂದು ಗೋಡೆಗೊರಗಿ ತೂಕಡಿಸುತ್ತಿದ್ದರಂತೆ.

ಶಾಲೆಯ ಮೂಡಣಕ್ಕೆ ಊರಿನ ಮೆಣಸಿನಕಾಯಿ ಒಣಗಿಸುವ ಕಣವಿತ್ತು. ಜಾಗ ಅಳೆಯಲು ಬಂದಾಗ ಚಳಿಗಾಲ. ಕಣದಲ್ಲಿ ಕಾಯಿ ತಿರುವುತ್ತಿದ್ದರು. ಶ್ರೀವಾಣಿಯ ಜೊತೆ ಬಂದಿದ್ದ ಸಹೋದ್ಯೋಗಿ, ಹುಬ್ಬಳ್ಳಿಯ ವಿಕ್ರಮ, ಕಣ್ಣು ಮೂಗು ಸುರಿಸುತ್ತ, ಮೂಡಣದ ಗೋಡೆಯನ್ನು ಮುಚ್ಚಿಯೇ ಕಟ್ಟೋಣ ಎಂದ. ಘಾಟಿನಲ್ಲೇ ಹುಟ್ಟಿ ಬೆಳೆದವಳಿಗೆ ಅಲ್ಲಿ ಘಾಟಿದೆಯೆಂಬುದೇ ತಿಳಿದಿರಲಿಲ್ಲ. ಅವಳು ನಕ್ಕಳು.

"ನಮ್ಮ ಬ್ಯಾಡಗಿಗೆ ಬಂದ ಸೊಸ್ತೇರು ಮೊದಲನೇ ವರ್ಷ ಹಿಂಗ ಸೀನತಾರ, ಆಮ್ಯಾಲ ರೂಢಿ ಆಗತೈತಿ. ನೀನೂ ಒಂದ್ ವರ್ಷ ಸೊಸಿ ಆಗಿರು."

ಅವರಿಗೆ ಚಹಾ ತಂದಿದ್ದ ಹೊನ್ನವ್ವನೂ ನಕ್ಕಿದ್ದಳು.

ಶಾಲೆ ಕಟ್ಟಿದ ಮೇಲಿನ ಮೊದಲ ಸುಗ್ಗಿಯಲ್ಲಿ ಗಾಳಿ ಮೂಡಣದಿಂದ ಬೀಸಿತು. ಉಳಿದ ಮಕ್ಕಳು ಕೆಮ್ಮಿ, ಸೀನಿ ಸುಮ್ಮನಾದರು. ಬುಡನಸಾಬ ಮತ್ತು ತಾಜಬಿಯ ಮಗಳು, ಮೂರನೆಯ ತರಗತಿಯ ಜಾಹೀದಾಳ ಎದೆ ಮಾತ್ರ ಒಗ್ಗಲಿಲ್ಲ. ಒಳಗೆ ಕುಳಿತರೆ ಉಸಿರು ಸಿಳ್ಳೆ ಹಾಕುತ್ತಿತ್ತು. ಮನೆ ಮುಟ್ಟಿ ತುಸು ಹೊತ್ತಿಗೆ ಸರಿಹೋಗುತ್ತಿತ್ತು. ಹಾಗಾಗಿ ಯಾರೂ ನಂಬಲಿಲ್ಲ. ಮಕ್ಕಳು ಅವಳನ್ನು ನೆವದ ಜಾಹೀದಾ ಎಂದು ಕರೆದರು. ಕೊನೆಗೆ ಅವಳು ಬರುವುದನ್ನೇ ಬಿಟ್ಟಳು.

ಗಣರಾಜ್ಯೋತ್ಸವದ ದಿನ ಶಾಲೆಯ ಒಳಗೇ ಶ್ರೀವಾಣಿಗೆ ಸನ್ಮಾನ. ಮುಖ್ಯ ಗುರುಗಳು ಮಾತನಾಡುತ್ತ, ಇಂಥ ಶಾಲೆಗೂ ಬಾರದ ಒಬ್ಬಳೇ ಹುಡುಗಿ ಇದ್ದಾಳೆ, ಅವಳಿಗೆ ನೆವವೇ ಪಾಠ ಎಂದರು. ಸಭೆ ನಕ್ಕಿತು. ಶ್ರೀವಾಣಿ ಪಕ್ಕದಲ್ಲಿ ನೀರಿಡಲು ಬಂದ ಹೊನ್ನವ್ವನನ್ನು ಮೆಲ್ಲಗೆ ವಿಚಾರಿಸಿದಳು. ಹೊನ್ನವ್ವ ಸಿಳ್ಳೆಯ ಉಸಿರಿನ ಸಂಗತಿ ಹೇಳಿದಳು. ಶ್ರೀವಾಣಿ ತಿರುಗಿ ಮೂಡಣದ ಗೋಡೆ ನೋಡಿದಳು. ಜಾಲಂದ್ರದ ಬಿಸಿಲಿನಲ್ಲಿ ಕೆಂಪು ಧೂಳು ಮಕ್ಕಳ ಮೇಲೆ ಇಳಿಯುತ್ತಿತ್ತು. ಅವಳ ಮೂಗಿಗೆ ಆಗಲೂ ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಶಾಲು ಹೊದಿಸಿದರು. ಮೈಕು ಕೈಗೆ ಬಂತು. ಅವಳು ಎಲ್ಲರಿಗೂ ವಂದನೆಯಷ್ಟೇ ಹೇಳಿ ಕುಳಿತಳು. ಬಡಿಸಿದ ಎಲೆಯ ಮುಂದೆ ಅವಳು ತುತ್ತೆತ್ತಲಿಲ್ಲವೆಂದು ಹೊನ್ನವ್ವ ನೆನೆಯುತ್ತಾಳೆ.

ಜನ ಚದುರಿದ ಮೇಲೆ ಹೊನ್ನವ್ವನನ್ನು ಕರೆದುಕೊಂಡು ತಾಜಬಿಯ ಮನೆಗೆ ಹೋದಳು. ನಡೆದದ್ದನ್ನೆಲ್ಲ, ವಿಕ್ರಮ ಹೇಳಿದ್ದನ್ನೂ ತಾನು ನಕ್ಕದ್ದನ್ನೂ, ಬಿಡದೆ ಹೇಳಿದಳು. ತಾಜಬಿ ತನ್ನ ಕೈಯನ್ನೇ ನೋಡಿಕೊಂಡಳು.

"ನಾ ಅಕೀನ್ನ ಬಡದೇನ್ರಿ ಬಾಯಾರ. ಸುಳ್ಳ ಹೇಳತಾಳಂತ ಎಳಕೊಂಡ ಹೋಗಿ ಒಳಗ ಕುಂದ್ರಿಸಿ ಬಂದೇನಿ."

ತಪ್ಪನ್ನು ಒಪ್ಪಿಕೊಂಡರೆ ಭಾರ ಇಳಿದೀತೆಂದು ಬಂದಿದ್ದವಳು, ಆ ಭಾರ ಈ ತಾಯಿಯ ಮೇಲೂ ಬಿದ್ದದ್ದನ್ನು ನೋಡುತ್ತ ನಿಂತಳು.

"ನನ್ನ ಮುಂದ ಹೇಳಿದ್ರಿ, ನನಗ ತಿಳೀತು," ಎಂದಳು ತಾಜಬಿ. "ಅಕೀನ್ನ ನೋಡಿ ನಕ್ಕಾವ್ರಿಗೆ ಯಾರ್ ಹೇಳಾವ್ರು?"

ಶ್ರೀವಾಣಿ ನೇರ ಶಾಲಾ ಸಮಿತಿಯ ಅಧ್ಯಕ್ಷ ಫಕ್ಕೀರಪ್ಪನ ಬಳಿಗೆ ಹೋಗಿ, ನಾಳೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ಮಾತಾಡಬೇಕು ಎಂದಳು. ಅವನಿಗೆ ಸರಿಬರಲಿಲ್ಲ. ಸುಗ್ಗಿ ಮುಗಿಯುವತನಕ ಜಾಲಂದ್ರಕ್ಕೆ ಅಡ್ಡಲಾಗಿ ತೊಗರಿಕಟ್ಟಿಗೆಯ ತಟ್ಟಿ ಕಟ್ಟಿಸಿದರಾಯಿತು, ಮಾತೇಕೆ ಎಂದ.

"ಊರ ತುಂಬ ಹೊಗಳಾಕತ್ತಾರ. ನೀವ ನಿಮ್ಮ ಗ್ವಾಡಿಗೆ ಮಸಿ ಹಚ್ಚತೀರೇನ್ರಿ?"

"ಮಸಿ ಈಗ ಆ ಹುಡುಗಿ ಮ್ಯಾಲ ಐತ್ರಿ," ಎಂದಳು ಶ್ರೀವಾಣಿ.

ಫಕ್ಕೀರಪ್ಪ ಕೊನೆಗೆ ಒಪ್ಪಿದ. ಮರುದಿನ ತಾನಿದ್ದ ಹಾವೇರಿಯಿಂದ ಶ್ರೀವಾಣಿ ಬೆಳಗಿನ ಬಸ್ಸಿಗೇ ಬಂದಳು. ಹೊನ್ನವ್ವನಿಂದ ಸುದ್ದಿ ತಿಳಿದಿದ್ದ ತಾಜಬಿ ಮಗಳ ಕೈಹಿಡಿದು ಗೇಟಿನ ಹೊರಗೇ ನಿಂತಿದ್ದಳು. ಪ್ರಾರ್ಥನೆ ಮುಗಿಯಿತು.

"ಜಾಹೀದಾ ಸುಳ್ಳ ಹೇಳಿಲ್ಲ," ಎಂದಳು ಶ್ರೀವಾಣಿ. "ಗ್ವಾಡಿ ನಾ ತಪ್ಪ ಕಟ್ಟೇನಿ. ಕಟ್ಟೂಕಿಂತ ಮೊದಲ ಒಬ್ರು ಹೇಳಿದ್ರು, ನಾ ನಕ್ಕೆ. ನೀವು ಅಕೀನ್ನ ನೋಡಿ ನಕ್ಕಿದ್ದು ನನ್ನಿಂದ."

ಸಾಲಿನಲ್ಲಿದ್ದ ಒಬ್ಬ ಹುಡುಗ ಕೈಯೆತ್ತಿ, ಹಾಗಾದರೆ ಶಾಲೆ ಕೆಡವುತ್ತಾರೇನು, ಇವತ್ತು ರಜೆಯೇನು ಎಂದು ಕೇಳಿದ. ಗುರುಗಳು ಗದರಿದರು.

ಕುಪ್ಪೇಲೂರಿನವರ ಕಥೆಯಲ್ಲಿ ಹುಡುಗಿ ಓಡಿಬಂದು ಶ್ರೀವಾಣಿಯನ್ನು ಅಪ್ಪಿಕೊಂಡು ಒಳಗೆ ಹೋಗುತ್ತಾಳೆ. ಹೊನ್ನವ್ವ ಇದನ್ನು ಒಪ್ಪುವುದಿಲ್ಲ. ಅವಳು ಕಂಡದ್ದು ಇಷ್ಟು: ಶ್ರೀವಾಣಿ ಗೇಟಿನತನಕ ನಡೆದು ಕೈಚಾಚಿದಳು. ಜಾಹೀದಾ ಆ ಕೈಯನ್ನು ನೋಡಿದಳು, ಅದರ ಹಿಂದಿನ ಗೋಡೆಯನ್ನೂ ನೋಡಿದಳು.

"ಮದ್ಲ ತಟ್ಟಿ ಕಟ್ರಿ," ಎಂದಳು. "ಆಮ್ಯಾಲ ಬರ್ತೇನಿ."

ತಾಯಿ ಮಗಳು ಮನೆಗೆ ಹೋದರು. ಶ್ರೀವಾಣಿ ತೊಗರಿಕಟ್ಟಿಗೆ ಕೇಳಲು ಕಣದ ಕಡೆ ನಡೆದಳು.