ಶನಿವಾರದ ಹಾಲು

ಶನಿವಾರ ಬಂತೆಂದರೆ ಶಿವಗಂಗವ್ವನ ಒಲೆಯ ಮೇಲೆ ಒಂದು ಲೋಟ ಹಾಲು ಹೆಚ್ಚಿಗೆ ಕಾಯುತ್ತಿತ್ತು. ಅದು ಎದುರು ಮನೆಯ ನರ್ಸಬಾಯಿಯ ಪಾಲು.

ಮೊರಬದ ಹೆರಿಗೆ ಕೇಂದ್ರಕ್ಕೆ ನರ್ಸಾಗಿ ಬಂದು ಎಂಟು ವರ್ಷವಾಗಿದ್ದ ಮಲ್ಕಾಬಾಯಿ ಶನಿವಾರ ಒಲೆ ಹಚ್ಚುತ್ತಿರಲಿಲ್ಲ. ಬಂದ ಹೊಸತರಲ್ಲಿ ಶಿವಗಂಗವ್ವ ಕಾರಣ ಕೇಳಿದ್ದಳು. "ನಮ್ಮ ಹಿರ್ಯಾರು ಕೊಂಕಣದಾಗ ಎಣ್ಣಿ ಗಾಣಾ ಹೂಡತಿದ್ರವ್ವಾ. ಶನಿವಾರ ಗಾಣಾನೂ ಬಂದ್, ಒಲೀನೂ ಬಂದ್" ಎಂದಿದ್ದಳು ಮಲ್ಕಾಬಾಯಿ. ಅಷ್ಟು ಸಾಕಾಯಿತು. ಕೊಂಕಣದ ಗಾಣಿಗರು, ಹನುಮಪ್ಪನ ಒಕ್ಕಲು, ಶನಿವಾರದ ಕಡಕ್ ವ್ರತ ಎಂದು ಶಿವಗಂಗವ್ವ ತಾನೇ ತೀರ್ಮಾನಿಸಿ ಊರಿಗೆಲ್ಲ ಹೇಳಿಬಿಟ್ಟಳು. ವ್ರತ ಎಷ್ಟೇ ಕಡಕ್ ಇರಲಿ, ಬಿಸಿ ಹಾಲಿಲ್ಲದೆ ಒಂದು ಹೆಣ್ಣುಜೀವ ದಿನ ಕಳೆಯುವುದೆಂದರೇನು? ಹೆರಿಗೆ ಬೇನೆ ಎಂದು ಯಾರಾದರೂ ಕೂಗಿದರೆ ಮಲ್ಕಾಬಾಯಿ ಮಾತ್ರ ಯಾವ ವಾರವನ್ನೂ ನೋಡದೆ ಓಡುತ್ತಿದ್ದಳು.

ಎಪ್ಪತ್ತೈದನೆಯ ಇಸವಿ, ಹತ್ತಿ ಬಿಡಿಸುವ ಕಾಲ. ಮಲ್ಕಾಬಾಯಿಯ ಗಂಡ ಶಲೋಮ್ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿದ್ದ. ಶುಕ್ರವಾರ ಸಂಜೆ ಬಸ್ಸಿಳಿದವನೇ ಶಿವಗಂಗವ್ವನ ಗಂಡ ಶಂಭುಲಿಂಗಪ್ಪನ ಕೈಗೆ ಮುಂಬಯಿಯ ಮರಾಠಿ ಪತ್ರಿಕೆಯೊಂದನ್ನು ಕೊಟ್ಟು, "ಓದ್ರಿ ಕಾಕಾ, ನಿಮ್ಮೂರ ಹೆಸರೈತಿ" ಎಂದು ನಗುತ್ತ, ಹೊತ್ತು ಮುಳುಗುವುದರೊಳಗೆ ಮನೆ ಸೇರಿಕೊಂಡ.

ಹಳೆಯ ಕಾಲದ ಮರಾಠಿ ಸಾಲಿ ಕಲಿತ ಶಂಭುಲಿಂಗಪ್ಪನಿಗೆ ಇಂಥ ಅವಕಾಶ ಸಿಗುವುದೇ ಅಪರೂಪ. ಕಟ್ಟೆಯ ಮಂದಿಯನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದಿ ಅರ್ಥ ಹೇಳತೊಡಗಿದ. "ಮುಂಬಯಿ ಸಿನಗಾಗದಾಗ ಮೂರು ಮಂದಿಗೆ ಸನ್ಮಾನ ಅಂತ. ಒಬ್ರು ನ್ಯಾಯಾಧೀಶರು, ಒಬ್ರು ಮಿಲಿಟರಿ ಸಾಹೇಬ್ರು, ಇನ್ನೊಬ್ರು ಮೊರಬದ ಮಲ್ಕಾಬಾಯಿ! ಕೇಳ್ರೆಪಾ, ನಮ್ಮೂರ ಮಾತು ಎಲ್ಲಿಗೆ ಹೋತು! ಮುಂದ ಏನ್ ಬರದಾರಂದ್ರ, ‘ನಮ್ಮ ಯಹೂದಿ ಸಮಾಜದ ಹೆಮ್ಮಿ...’" ಅಲ್ಲಿ ಅವನ ದನಿ ಇಳಿಯಿತು.

"ಯಹೂದಿ ಅಂದ್ರ ಯಾರ್ರಿ ಯಜಮಾನ್ರ?" ಎಂದ ಕಟ್ಟೆಯಲ್ಲಿ ಕೂತಿದ್ದ ತಿರಕಪ್ಪ.

"ಬ್ಯಾರೆ ಧರ್ಮದವ್ರು. ಸಿನಗಾಗ ಅಂದ್ರ ಅವರ ಪ್ರಾರ್ಥನಾ ಮಾಡೂ ಜಾಗಾ. ಶುಕ್ರವಾರ ಹೊತ್ತು ಮುಳುಗಿದ್ರ ಶನಿವಾರ ಸಂಜಿ ಮಟಾ ಅವರಿಗೆ ದೇವರ ಹೊತ್ತು, ಬೆಂಕಿ ಮುಟ್ಟಂಗಿಲ್ಲ. ಹನುಮಪ್ಪಂದೂ ಅವ್ರದೂ ಏನೂ ಸಂಬಂಧಿಲ್ಲ." ಶಂಭುಲಿಂಗಪ್ಪ ಪತ್ರಿಕೆ ಮಡಿಚಿ ಎದ್ದ.

ಮರುದಿನ ಬೆಳಿಗ್ಗೆ ಹಾಲು ಕಾಯಿಸಿದ ಹೆಂಡತಿಗೆ ಅವನು ಅಡ್ಡ ನಿಂತ. "ಇನ್ನ ಆಕಿ ಬಾಯಿ ಹಚ್ಚಿದ ಲೋಟಾ ಒಳಗ ತರಬ್ಯಾಡ. ನಮ್ಮನ್ನ ಮೋಸಾ ಮಾಡ್ಯಾಳ."

"ಆಕಿ ಎಲ್ಲಿ ಮೋಸಾ ಮಾಡಿದ್ಲ್ರಿ? ಹನುಮಪ್ಪನ ಒಕ್ಕಲು ಅಂತ ಡಂಗುರಾ ಹೊಡದಾಕಿ ನಾನು."

"ಯಾರರ ಹೊಡೀಲಿ. ನಾಳೆ ಬೀಗರು ಬಂದು, ನಿಮ್ಮನ್ಯಾಗ ನೀರು ಕುಡ್ಯಂಗಿಲ್ಲ ಅಂದ್ರ ಏನ್ಮಾಡ್ತಿ? ನಾಕು ಮಂದ್ಯಾಗ ಬಾಳೇ ಮಾಡೋರು ನಾವು."

ಶಿವಗಂಗವ್ವ ಲೋಟವನ್ನು ಒಲೆಯ ಪಕ್ಕದಲ್ಲೇ ಇಟ್ಟುಬಿಟ್ಟಳು. ಎದುರಿನ ಬಾಗಿಲು ಹಾಲಿನ ಹೊತ್ತಿಗೆ ಸರಿಯಾಗಿ ತೆರೆಯಿತು. ಮಲ್ಕಾಬಾಯಿ ಕೊಂಚ ಹೊತ್ತು ನಿಂತು ಒಳಗೆ ಹೋದಳು. ಶಿವಗಂಗವ್ವ ಕಂಬದ ಮರೆಯಲ್ಲಿ ನಿಂತಿದ್ದಳು. ತನ್ನ ಮನೆಯಲ್ಲೇ ತಾನು ಅಡಗಿ ನಿಂತದ್ದಕ್ಕೆ ಅವಳಿಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು.

ಮಲ್ಕಾಬಾಯಿ ಸನ್ಮಾನಕ್ಕೆ ಮುಂಬಯಿಗೆ ಹೋಗಲಿಲ್ಲ. ತಿರಕಪ್ಪನ ಮಗಳಿಗೆ ದಿನ ತುಂಬಿದ್ದವು. ಬದಲಿಗೆ ರವಿವಾರ ಮನೆಯಲ್ಲೇ ಮಲೀದಾ ಮಾಡಿದಳು. ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಸುತ್ತ ಹಣ್ಣು, ಖರ್ಜೂರ ಇಟ್ಟು, ತಮ್ಮ ಪ್ರವಾದಿ ಏಲಿಯಾಹುವಿನ ಹೆಸರಿನಲ್ಲಿ ಹಂಚುವ ಪದ್ಧತಿ ಅದು. ಮನೆಮನೆಗೆ ಹೋಗಿ ಕರೆದಳು. ಎಲ್ಲರೂ "ಹೂಂನ್ರಿ ಬಾಯಿ" ಎಂದರು, ಯಾರೂ ಹೋಗಲಿಲ್ಲ. ಹಾಸಿದ ಚಾಪೆ ಖಾಲಿ ಇದ್ದುದು ಶಿವಗಂಗವ್ವನ ಪಡಸಾಲೆಗೂ ಕಾಣುತ್ತಿತ್ತು.

ಅವಳು ಎದ್ದು ಮೊರದಲ್ಲಿ ಅಕ್ಕಿ, ಕುಬಸದ ಕಣ, ಕಾಯಿ, ಉತ್ತತ್ತಿ ಜೋಡಿಸಿಕೊಂಡಳು.

"ಎತ್ತಾಗ ಹೊಂಟಿ?" ಎಂದ ಶಂಭುಲಿಂಗಪ್ಪ.

"ಉಡಿ ತುಂಬಾಕ." ತೊಡೆಗೆ ಜೋತುಬಿದ್ದಿದ್ದ ಮೂರು ವರ್ಷದ ಮೊಮ್ಮಗನನ್ನು ಗಂಡನ ಮುಂದೆ ಕೂಡಿಸಿದಳು. "ಈ ಕೂಸು ಹುಟ್ಟಿ ಅಳದ ಬಿದ್ದಾಗ ಬಾಯಾಗ ಬೆರಳು ಹಾಕಿ ಉಸರಾ ತಂದಾಕಿ ಯಾರ್ರಿ? ಅವತ್ತೂ ಶನಿವಾರನ ಇತ್ತು. ನಮ್ಮ ಕೂಸಿನ ಬಾಯಿಗೆ ನಡದ ಕೈ ನಮ್ಮ ಲೋಟಕ್ಕ ನಡ್ಯಂಗಿಲ್ಲೇನು?"

ಶಂಭುಲಿಂಗಪ್ಪ ಕೂಸಿನ ಮುಖ ನೋಡಿದ.

ಖಾಲಿ ಚಾಪೆಯ ಮೇಲೆ ಮಲ್ಕಾಬಾಯಿಯನ್ನು ಕೂಡಿಸಿ, ಅರಿಷಿಣ ಕುಂಕುಮ ಹಚ್ಚಿ, ಶಿವಗಂಗವ್ವ ಐದು ಸಲ ಉಡಿ ತುಂಬಿದಳು. "ಹಾಲು ತಪ್ಪಿಸಿದೆ. ನನ್ನ ತಪ್ಪಾತು ತಂಗಿ."

"ನಾ ಬಾಗಲಾ ತಗದಿದ್ದು ಹಾಲಿಗಲ್ಲವ್ವಾ, ನಿಮ್ಮ ಮಾರಿ ನೋಡಾಕ" ಎಂದು ಮಲ್ಕಾಬಾಯಿ ಅತ್ತುಬಿಟ್ಟಳು. ಶಿವಗಂಗವ್ವನೂ ಅತ್ತಳು. ಅಳುತ್ತಲೇ ಮಲೀದಾ ತಿಂದು, ಇನ್ನೊಂದಿಷ್ಟು ಹಾಕಿಸಿಕೊಂಡಳು.

ಮನೆಗೆ ತಂದ ಎಲೆಯ ಪೊಟ್ಟಣವನ್ನು ಶಂಭುಲಿಂಗಪ್ಪ ಮುಟ್ಟಲಿಲ್ಲ. ಸಂಜೆ ಮೊಮ್ಮಗ ಅದನ್ನು ಬಿಚ್ಚಿ ತಿನ್ನತೊಡಗಿದಾಗ ಬೈಯಲೂ ಇಲ್ಲ.

ಮುಂದಿನ ಶನಿವಾರ ಶಿವಗಂಗವ್ವ ಹಾಲು ಕಾಯಿಸಿ ಲೋಟಕ್ಕೆ ಹಾಕಿಟ್ಟು, ದನಕ್ಕೆ ಹೊಟ್ಟು ಹಾಕಲು ಹಿತ್ತಲಿಗೆ ಹೋಗಿ ಬಂದಳು. ಲೋಟ ಇರಲಿಲ್ಲ. ಗಾಬರಿಯಾಗಿ ಬಾಗಿಲಿಗೆ ಬಂದರೆ, ಶಂಭುಲಿಂಗಪ್ಪ ಧೋತರದ ಚುಂಗಿನಲ್ಲಿ ಬಿಸಿ ಲೋಟ ಹಿಡಿದುಕೊಂಡು, ಚೆಲ್ಲದಂತೆ ನಿಧಾನವಾಗಿ ರಸ್ತೆ ದಾಟುತ್ತಿದ್ದ. ಕಟ್ಟೆಯ ತುಂಬ ಮಂದಿ ಇತ್ತು.

"ಎತ್ತಾಗ್ರಿ ಯಜಮಾನ್ರ?" ಎಂದು ತಿರಕಪ್ಪ ಬಾಯಿ ಬಿಟ್ಟ.

"ಶನಿವಾರ ಅಲ್ಲೇನಲೇ ಇವತ್ತ?" ಶಂಭುಲಿಂಗಪ್ಪ ಊರಿಗೆಲ್ಲ ಕೇಳುವಂತೆ ಹೇಳಿದ. "ಆ ಮನ್ಯಾಗ ಒಲಿ ಹಚ್ಚಂಗಿಲ್ಲ."