ದರ್ಜಿ ಹೇಳದೆ ಬಿಟ್ಟ ಓಣಿ

ಈ ಸಂಗತಿಯನ್ನು ನನಗೆ ಹೇಳಿದವರು ಇಬ್ಬರು: ದರ್ಜಿಯ ಅಂಗಡಿಗೆ ಎದುರಾಗಿ ಗುಂಡಿ, ದಾರ ಮಾರುವ ಹೆಂಗಸು ಮತ್ತು ದರ್ಜಿಯ ಬಳಿ ಮೂವತ್ತು ವರ್ಷ ಗುಂಡಿ ತೂರಿಸುವ ಕಾಜು ಹೊಲಿದ ಮುದುಕ. ಇಬ್ಬರ ಹೇಳಿಕೆ ಬೇರೆಯಾಗುವುದು ಒಂದೇ ಕಡೆ. ಅದನ್ನು ಅಲ್ಲಿಯೇ ತಿಳಿಸುತ್ತೇನೆ.

ರೈಲು ನಿಲ್ದಾಣ ಕೂಗಳತೆಯಲ್ಲಿದ್ದುದರಿಂದ ದರ್ಜಿಯಲ್ಲಿಗೆ ಬಟ್ಟೆ ಸರಿಮಾಡಿಸಲು ಬರುತ್ತಿದ್ದವರಲ್ಲಿ ಪರಸ್ಥಳದವರೇ ಹೆಚ್ಚು. ಎರಡು ಗಂಟೆ ಕಾಯಬೇಕೆಂದರೆ ಅವರ ಮುಖ ಸಪ್ಪೆಯಾಗುತ್ತಿತ್ತು. ಆಗ ಅವನು ಸೀಮೆಸುಣ್ಣ ಹಿಡಿದ ಕೈಯಿಂದಲೇ ಊರನ್ನು ತೋರಿಸುತ್ತಿದ್ದ. ಹೊಳೆಯ ದಂಡೆಯಲ್ಲಿ ಬಿಸಿಲು ಬೆನ್ನಿಗಿರುವಾಗಲೇ ನಡೆಯಬೇಕು. ಚಾಕು ಕೊಳ್ಳುವುದಾದರೆ ಸಾಣೆ ಹಿಡಿಯುವವನಲ್ಲಿ ಕೊಳ್ಳಬೇಕು, ಗಾಜಿನ ಕಪಾಟಿನ ಅಂಗಡಿಯಲ್ಲಲ್ಲ. ಹಣ್ಣನ್ನು ಮುಟ್ಟಲು ಬಿಡದ ಬಾಯಿಬಡುಕಿ ಮುದುಕಿಯಲ್ಲೇ ಒಳ್ಳೆಯ ಹಣ್ಣು. ಊಟಕ್ಕಾದರೆ ಗಡಿಯಾರದ ಚೌಕದ ದೊಡ್ಡ ಹೋಟೆಲು. ಹೊಲಿಗೆಗಿಂತ ಈ ಮಾತಿಗಾಗಿಯೇ ಬರುವವರಿದ್ದರು ಎಂಬುದು ಗುಂಡಿಯಂಗಡಿಯವಳ ಅಂಬೋಣ.

ಆದರೆ ಹಗ್ಗ ಹೊಸೆಯುವವರ ಓಣಿಯ ಹೆಸರನ್ನು ಅವನು ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಅಲ್ಲಿ ನೋಡುವುದಕ್ಕಾಗಲಿ ತಿನ್ನುವುದಕ್ಕಾಗಲಿ ಏನೂ ಇಲ್ಲ ಎಂದುಬಿಡುತ್ತಿದ್ದ. ಅವನ ಒಡಹುಟ್ಟಿದ ತಮ್ಮ ನಾಲ್ಕು ಮೇಜು ಹಾಕಿಕೊಂಡು ಊಟದ ಅಂಗಡಿ ನಡೆಸುತ್ತಿದ್ದುದು ಅದೇ ಓಣಿಯಲ್ಲಿ.

ಮುನಿಸಿಗೆ ಕಾರಣ ಒಂದು ಕೋಟು. ತಮ್ಮನ ಮದುವೆಗೆಂದು ದರ್ಜಿ ಅದನ್ನು ಟೇಪು ಮುಟ್ಟದೆ, ಬರೀ ಕಣ್ಣಳತೆಯಲ್ಲಿ ಕತ್ತರಿಸಿದ್ದ. ತಾನು ಎತ್ತಿ ಆಡಿಸಿದ ಮೈಗೆ ಅಳತೆ ಬೇರೆ ಬೇಕೆ ಎಂಬ ಹಮ್ಮು. ಅಡುಗೆಯ ಕೆಲಸದ ತಮ್ಮನ ಮೈ ಆ ವರ್ಷ ತುಂಬಿಕೊಂಡಿತ್ತು. ಊಟಕ್ಕೆ ಕುಳಿತಾಗ ಬೆನ್ನಿನ ಹೊಲಿಗೆ ಪರ್ರೆಂದು ಬಿಟ್ಟಿತು. ನೆಂಟರೆಲ್ಲ ತಿರುಗಿದರು. ತಮ್ಮ ನಗುತ್ತ ಅಂದ: “ನಮ್ಮಣ್ಣಂಗೆ ನಾನಿನ್ನೂ ಎಂಟು ವರ್ಷದೋನು. ಅವನದೇನೂ ತಪ್ಪಿಲ್ಲ, ಬೆಳೆದಿದ್ದು ನನ್ನ ತಪ್ಪು.”

ಕಾಜಿನ ಮುದುಕನ ಪ್ರಕಾರ ಮಾತು ಇಷ್ಟೇ. ‘ಅಣ್ಣ ಮೊದಲು ತನಗೊಂದು ಕನ್ನಡಕ ಹೊಲಿದುಕೊಳ್ಳಲಿ’ ಎಂದೂ ಅಂದನೆಂದು ಗುಂಡಿಯಂಗಡಿಯವಳು ಸೇರಿಸುತ್ತಾಳೆ. ಹೇಗಿದ್ದರೂ ಅದು ಅಕ್ಕರೆಯ ಮಾತೆಂದು ನೆಂಟರಿಗೆಲ್ಲ ತಿಳಿಯಿತು, ದರ್ಜಿಗೊಬ್ಬನಿಗೆ ತಿಳಿಯಲಿಲ್ಲ. ತಮ್ಮ ಒಂದು ಸಲ ಬಂದು ತಪ್ಪಾಯಿತೆಂದರೆ ಸಾಕು, ಮರುದಿನವೇ ಊರನ್ನೆಲ್ಲ ಅವನ ಬಾಗಿಲಿಗೆ ಕಳಿಸುತ್ತೇನೆಂದು ಕಾಜಿನವನ ಬಳಿ ಹೇಳಿಕೊಳ್ಳುತ್ತಿದ್ದ. ತಮ್ಮ ಬರಲಿಲ್ಲ. ಇವನೂ ಆ ಓಣಿ ತುಳಿಯಲಿಲ್ಲ. ಹನ್ನೊಂದು ವರ್ಷ ಹಾಗೆಯೇ ಕಳೆಯಿತು.

ಒಂದು ಮಧ್ಯಾಹ್ನ ಚೌಕದ ಹೋಟೆಲಿನಲ್ಲಿ ಉಂಡು ಬಂದ ಗಿರಾಕಿಯೊಬ್ಬ, ಮೀನಿನ ಮೇಲೆ ನಿಂಬೆಯ ಸಿಪ್ಪೆಯನ್ನು ಕರಕಲಾಗಿ ಸುಟ್ಟು ಉದುರಿಸಿದ್ದರು, ಅಂಥ ರುಚಿಯನ್ನು ಬೇರೆಲ್ಲೂ ಕಂಡಿಲ್ಲ ಎಂದು ಬಾಯಿ ಚಪ್ಪರಿಸಿದ. ದರ್ಜಿಯ ಕತ್ತರಿ ನಿಂತಿತು. ಹಾಗೆ ಮಾಡುತ್ತಿದ್ದವಳು ಅವನ ತಾಯಿ ಒಬ್ಬಳೇ. ಅವಳಿಂದ ಕಲಿತವನು ತಮ್ಮ ಒಬ್ಬನೇ. ಅರ್ಧ ಕತ್ತರಿಸಿದ ಅಸ್ತರನ್ನು ಮೇಜಿನ ಮೇಲೆಯೇ ಬಿಟ್ಟು, ಕಾಜಿನವನನ್ನು ಜೊತೆಗೆ ಕರೆದುಕೊಂಡು ಹೊರಟ.

ಚೌಕದ ಹೋಟೆಲಿನ ಹಿಂಬಾಗಿಲಲ್ಲಿ ತಮ್ಮ ಸ್ಟೂಲಿನ ಮೇಲೆ ಕುಳಿತು ಮೀನು ಶುಚಿ ಮಾಡುತ್ತಿದ್ದ. ಎದೆಯ ಮೇಲೆ ಹೋಟೆಲಿನ ಹೆಸರು ಹೊಲಿದ ಏಪ್ರನ್ನು. ಓಣಿಗೆ ಜನ ಬರಲಿಲ್ಲ, ಅಂಗಡಿಗೆ ಬೀಗ ಹಾಕಿ ಎರಡು ವರ್ಷವಾಯಿತು ಎಂದು, ಮಳೆ ನಿಂತಿತೆಂದು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದ. ಜನ ಯಾಕೆ ಬರಲಿಲ್ಲವೆಂದು ಗೊತ್ತೇ ಎಂದು ದರ್ಜಿ ಕೇಳಿದ.

“ಗೊತ್ತು ಕಣಣ್ಣ. ದಾರಿ ತಪ್ಪಿ ಬಂದೋರು ಹೇಳೋರು, ಇಲ್ಲೇನೂ ಇಲ್ಲ ಅಂದಿದ್ರಲ್ಲ ದರ್ಜಿ ಅಂತ.”

“ಬಂದು ನಾಲ್ಕು ಬೈಬಾರದಿತ್ತಾ?”

“ಯಾವ ಮುಖ ಹೊತ್ತು ಬರ್ಲಿ? ಎಲ್ರ ಮುಂದೆ ನಿನ್ನ ನಗೆಪಾಟಲು ಮಾಡಿದ್ದು ನಾನು. ಕೋಪ ಇಳೀಲಿ ಅಂತ ಕಾಯ್ತಿದ್ದೆ.” ಮೀನನ್ನು ಮಗುಚಿ ಹಾಕಿ ಮತ್ತೆ ಅಂದ: “ಉಂಡು ಹೊಟ್ಟೆ ಬಂದೋರನ್ನೆಲ್ಲ ನಿನ್ನ ಹತ್ರಾನೇ ಕಳಿಸ್ತಿದ್ದೆ, ಬಟ್ಟೆ ಸಡಿಲ ಮಾಡಿಸ್ಕೊಳ್ಳಿ ಅಂತ. ಬಂದ್ರಾ?”

ಬಂದಿದ್ದರು. ಯಾರು ಕಳಿಸಿದರೆಂದು ದರ್ಜಿ ಒಬ್ಬರನ್ನೂ ಕೇಳಿರಲಿಲ್ಲ.

ಅಂಗಡಿಯನ್ನು ಮತ್ತೆ ತೆರೆ, ನಿಲ್ದಾಣದಲ್ಲಿ ಇಳಿದವರನ್ನೆಲ್ಲ ಅಟ್ಟುತ್ತೇನೆ ಎಂದು ಅವನು ಅಂಗಲಾಚಿದ. ಆ ಕೋಣೆಯಲ್ಲಿ ಈಗ ಸಿಮೆಂಟಿನ ಮೂಟೆ ಪೇರಿಸಿದ್ದಾರೆ, ತನಗೂ ಮಂಡಿ ಹಿಡಿದುಕೊಂಡಿದೆ ಎಂದು ತಮ್ಮ ತಲೆಯಾಡಿಸಿದ. ಒಳಗಿನಿಂದ ಯಾರೋ ಕೂಗಿದರು. ಊಟ ಮಾಡಿಕೊಂಡು ಹೋಗೆಂದು ಅಣ್ಣನಿಗೆ ಹೇಳಿ, ಬಾಗಿಲ ಚೌಕಟ್ಟು ಹಿಡಿದು ಎದ್ದು ಹೋದ.

ದರ್ಜಿ ಆಮೇಲೂ ಬಂದವರಿಗೆ ಊರು ತೋರಿಸುತ್ತಿದ್ದ. ಊಟದ ಮಾತು ಬಂದಾಗ, ಚೌಕದ ಹೋಟೆಲಿನ ಅಡುಗೆಯವನು ತನ್ನ ತಮ್ಮ ಎಂದು ತಪ್ಪದೆ ಸೇರಿಸುತ್ತಿದ್ದ. ಅಷ್ಟು ಒಳ್ಳೆಯ ಕೈ ಇರುವವನು ತನ್ನದೇ ಒಂದು ಅಂಗಡಿ ಇಡಬಾರದೇ ಎಂದು ಒಬ್ಬಾಕೆ ಕೇಳಿದಳಂತೆ.

“ಇಟ್ಟಿದ್ದ ಕಣಮ್ಮ,” ಎಂದನಂತೆ ದರ್ಜಿ. “ನಾನು ಯಾರಿಗೂ ಹೇಳ್ಲಿಲ್ಲ.”