ಗೀರಿಲ್ಲದ ನೆಕ್ ಗಾರ್ಡ್

ಕುತ್ತಿಗೆ ಕಾಯುವ ಆ ಕಪ್ಪು ಪಟ್ಟಿಯ ಮೇಲೆ ಒಂದೇ ಒಂದು ಗೀರೂ ಇರಲಿಲ್ಲ.

ಸೌಮ್ಯಾಳನ್ನು ಕಾಡುತ್ತಿದ್ದುದು ಅದೇ. ಗೋಕುಲ ರಸ್ತೆಯ ತಾರಾಂಗಣ ಕ್ರಿಕೆಟ್ ಕ್ಲಬ್ಬಿನ ಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಅವಳ ಅಣ್ಣ ಗುರುಪಾದನ ಹೆಲ್ಮೆಟ್, ಹಿಂಬದಿಗೆ ಸಿಗಿಸಿದ ನೆಕ್ ಗಾರ್ಡ್ ಸಮೇತ, ಎರಡು ವರ್ಷಗಳಿಂದ ಇತ್ತು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ಮುಂದೆ ಊದುಬತ್ತಿಯ ಬೂದಿ. ಬ್ಯಾಟ್ ಹಿಡಿದು ಹೊರಡುವ ಪ್ರತಿಯೊಬ್ಬನೂ ಆ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಮೈದಾನಕ್ಕಿಳಿಯುತ್ತಿದ್ದ.

ಗುರುಪಾದ ಬಿದ್ದದ್ದೂ ಇದೇ ಮೈದಾನದಲ್ಲಿ. ತಲೆಮಟ್ಟಕ್ಕೆ ಪುಟಿದ ಚೆಂಡನ್ನು ಹೊಡೆಯಹೋಗಿ ತಪ್ಪಿದ, ಮುಖ ತಿರುಗಿಸಿದ, ಚೆಂಡು ಕಿವಿಯ ಹಿಂದೆ, ಕುತ್ತಿಗೆಗೆ ಬಡಿಯಿತು. ಸತ್ತೂರಿನ ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತ್ತು.

ಈ ರವಿವಾರ ಅವನ ನೆನಪಿನ ಪಂದ್ಯ. ಮೊದಲ ಸಲ ಸೌಮ್ಯಾಳಿಗೂ ತಂಡದಲ್ಲಿ ಜಾಗ ಸಿಕ್ಕಿತ್ತು. ಅಣ್ಣನೇ ಕೈಹಿಡಿದು ಕಲಿಸಿದ ಬ್ಯಾಟಿಂಗ್ ಅವಳದು. ಆದರೆ ತಮ್ಮ ಬೇರಿಂಗು, ನಟ್ಟು, ಬೋಲ್ಟುಗಳ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ತಾಯಿ ಶಿವಲಿಂಗವ್ವ ತಲೆಯೆತ್ತದೆಯೇ ತೀರ್ಪು ಕೊಟ್ಟಿದ್ದಳು.

"ಬ್ಯಾಡ ಅಂದ್ರ ಬ್ಯಾಡ. ನಿಮ್ಮಣ್ಣ ಎಲ್ಲಾ ಹಾಕ್ಕೊಂಡಿದ್ದ. ತಲಿಗೆ ಹೆಲ್ಮೆಟ್ಟು, ಕುತ್ತಿಗಿಗೆ ಆ ಪಟ್ಟಿ. ಪೆಟ್ಟಿಗ್ಯಾಗ ನಾನ ನೋಡೇನಿ. ಆದ್ರೂ ಹೋದ. ಶಿವ ಕರದ್ರ ಯಾವ ಪಟ್ಟಿ ತಡೀತದ? ನಿನ್ನ ನಾ ಕಳಸೂದಿಲ್ಲ."

ಕ್ಲಬ್ಬಿನವರ ನಂಬಿಕೆಯೂ ಅದೇ. ನೆಕ್ ಗಾರ್ಡ್ ಯಾರೂ ಹಾಕಿಕೊಳ್ಳುತ್ತಿರಲಿಲ್ಲ.

"ಮದವಿ ಶೇರವಾನಿ ಹಾಕ್ಕೊಂಡಂಗ ಆಗ್ತದ, ಕುತ್ತಿಗಿ ತಿರಗೂದಿಲ್ಲ," ಎಂದು ನಾಯಕ ನವಾಜ ನಕ್ಕಿದ್ದ. ಆಮೇಲೆ ದನಿ ತಗ್ಗಿಸಿದ್ದ. "ಅಲ್ಲಾ, ಗುರುಪಾದಗ ಇತ್ತಲ್ಲ ಸೌಮ್ಯಾ. ಏನ್ ಉಪಯೋಗ ಆತು?"

ಏನು ಉಪಯೋಗವಾಯಿತು? ಎಲ್ಲರೂ ಆ ಪ್ರಶ್ನೆಯನ್ನು ಕೇಳಿ ಮುಗಿಸುತ್ತಿದ್ದರು. ಸೌಮ್ಯಾ ಅಲ್ಲಿಂದಲೇ ಆರಂಭಿಸಿದಳು. ಅಂಗಡಿಗೆ ಬರುವ ಹಳೆಯ ಬೇರಿಂಗುಗಳು ಯಾವ ಕಡೆಯಿಂದ ಪೆಟ್ಟು ತಿಂದಿವೆ ಎಂಬುದನ್ನು ತಾವೇ ತೋರಿಸಿಕೊಡುತ್ತವೆ. ಮನುಷ್ಯನನ್ನು ಕೊಂದ ಚೆಂಡು ಈ ಪಟ್ಟಿಯನ್ನು ಸೋಕಿಯೂ ಇಲ್ಲವೆಂದರೆ, ಅದು ಹಾದುಹೋದ ದಾರಿ ಯಾವುದು?

ರವಿವಾರ ಬೆಳಿಗ್ಗೆ, ಹೊರಗೆ ಶಾಮಿಯಾನದ ಗೂಟಗಳನ್ನು ಬಡಿಯುತ್ತಿದ್ದಾಗ, ಅವಳು ಕಾರ್ಯದರ್ಶಿ ತ್ರ್ಯಂಬಕ ಮಾಸ್ತರರ ಮುಂದೆ ನಿಂತಳು. ಧಾರವಾಡದ ಸಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು ಅವರು. ಪೆಟ್ಟಿಗೆಯ ಕೀಲಿಕೈ ಅವರ ಜನಿವಾರದಲ್ಲೇ ಇರುತ್ತಿತ್ತು.

"ಕಾಕಾ, ಪೆಟ್ಟಿಗಿ ತಗೀರಿ. ಒಮ್ಮೆ ಕೈಯಾಗ ಹಿಡದು ನೋಡ್ತೇನಿ."

"ಮಾಲಿ ಹಾಕೂ ಮುಂದ ತಗೀತೇನಿ. ಹಿಡದು ನೋಡೂದೇನದ ಅದರಾಗ? ಪೂಜಾಕ್ಕ ಇಟ್ಟದ್ದನ್ನ ಅಲಗಾಡಸಬಾರದವಾ."

"ನಮ್ಮಣ್ಣನ ತಲೀನ ಎಷ್ಟೋ ಸಲ ಹಿಡದು ಅಲಗಾಡ್ಸೇನಿ ಕಾಕಾ. ಹೆಲ್ಮೆಟ್ಟಿಗೇನ್ ಆಗ್ತದ?"

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. ಕೀಲಿ ತಿರುಗಿತು.

ಸೌಮ್ಯಾ ಹೆಲ್ಮೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಂಬದಿಯಲ್ಲಿ, ಚಿಪ್ಪಿನ ಕೆಳ ಅಂಚಿನ ಮೇಲೆ, ಒಂದು ಮಾಸಲು ಕೆಂಪು ಗೆರೆ. ಚೆಂಡಿನ ತೊಗಲಿನ ಬಣ್ಣ. ಅವಳ ಬೆರಳು ಗೆರೆಯ ಜಾಡು ಹಿಡಿದು ಕೆಳಗಿಳಿಯಿತು. ನೆಕ್ ಗಾರ್ಡಿನ ಕೊಂಡಿಯ ಬಳಿ ಬಂದು ನಿಂತಿತು. ಗೆರೆ ಮಾತ್ರ ನಿಂತಿರಲಿಲ್ಲ. ಕೊಂಡಿಯ ಅಡಿಗೆ ನುಸುಳಿತ್ತು.

ಅವಳು ಕೊಂಡಿ ಒತ್ತಿದಳು. ಟಕ್ಕೆಂದು ಪಟ್ಟಿ ಕಳಚಿ ಕೈಗೆ ಬಂತು. ಕೊಂಡಿ ಮುಚ್ಚಿದ್ದ ಜಾಗದಲ್ಲೂ ಅದೇ ಕೆಂಪು, ಅಂಚಿನ ಕೊನೆಯವರೆಗೆ!

"ಕಾಕಾ," ಅವಳು ಆ ಜಾಗವನ್ನು ತೋರಿಸಿದಳು, "ಚೆಂಡು ಬಡದಾಗ ಇಲ್ಲಿ ಪಟ್ಟಿ ಇರಲಿಲ್ಲ. ಆಮ್ಯಾಲೆ ಯಾರೋ ಹಾಕ್ಯಾರ."

ಮಾಸ್ತರರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು.

"ಯಾರೋ ಅಲ್ಲ. ನಾನ ಹಾಕೇನಿ."

"ಯಾಕ?"

"ಪೆಟ್ಟಿಗ್ಯಾಗ ಇಡೂ ಮುಂದ ನೋಡಿದೆ. ಹಿಂದ ಏನೋ ಸಿಗಸೂ ಜಾಗ ಖಾಲಿ ಇತ್ತು. ಮುಕ್ಕಾಗಿ ಭಿನ್ನ ಆದದ್ದನ್ನ ಯಾರರ ಪೂಜಾಕ್ಕ ಇಡ್ತಾರೇನು? ಆಟದ ಸಾಮಾನಿನ ಅಂಗಡ್ಯಾಗ ಕೇಳಿದೆ, ಇದನ್ನ ಬ್ಯಾರೆ ಮಾರತೇವಿ ಅಂದ್ರು. ತಂದು ಸಿಗಿಸಿದೆ. ಪೂರ್ಣ ಆತು ಅಂತ ನನ್ನ ಮನಸ್ಸಿಗೂ ಸಮಾಧಾನ ಆತು."

"ಯಾರಿಗೂ ಹೇಳಲೇ ಇಲ್ಲಾ?"

"ಯಾರೂ ಕೇಳಲಿಲ್ಲ ತಂಗಿ. ನನಗೇನು ಆಟ ಗೊತ್ತು? ಅಲಂಕಾರದ್ದು ಇರಬೇಕು ಅಂತ ತಿಳಕೊಂಡಿದ್ದೆ."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ನವಾಜನ ಕೈ ತಾನಾಗಿ ತನ್ನ ಕುತ್ತಿಗೆಯ ಹಿಂದಕ್ಕೆ ಹೋಯಿತು. ಗುರುಪಾದ ಬಿದ್ದ ದಿನದ ಗದ್ದಲದಲ್ಲಿ ಹೆಲ್ಮೆಟ್ಟಿನ ಹಿಂಬದಿಯನ್ನು ಯಾರೂ ಗಮನಿಸಿರಲಿಲ್ಲ; ಎಲ್ಲರೂ ನಂಬಿದ್ದು ಪೆಟ್ಟಿಗೆಯಲ್ಲಿ ಕಂಡದ್ದನ್ನೇ. ಎರಡು ವರ್ಷ ಅವನ ಹುಡುಗರು ಈ ಪಟ್ಟಿಗೆ ಕೈಮುಗಿದು, ಬರಿಗುತ್ತಿಗೆಯಲ್ಲಿ ವೇಗದ ಬೌಲರುಗಳ ಎದುರು ನಿಂತಿದ್ದರು.

ಸೌಮ್ಯಾಳಿಗೆ ಉತ್ತರ ಸಿಕ್ಕಿತ್ತು. ತಾಯಿಯ ಅಪ್ಪಣೆ ಪಡೆಯಲು ಬೇಕಿದ್ದ ಉತ್ತರ. ಆದರೆ ಅದನ್ನು ಹೇಳುವುದು ಹೇಗೆ? ಶಿವ ಕರೆದ ಎಂಬ ಒಂದೇ ಮಾತನ್ನು ಹಿಡಿದು ತಾಯಿ ಬದುಕಿದ್ದಳು. ಅಂಗಡಿಯಲ್ಲಿ ಮಾರಾಟಕ್ಕಿದ್ದ ವಸ್ತುವೊಂದು ಮಗನ ಕುತ್ತಿಗೆಯ ಮೇಲಿರಲಿಲ್ಲ ಎಂದು ತಿಳಿದರೆ?

"ಅವ್ವಗ ಹೇಳಬ್ಯಾಡವಾ," ಮಾಸ್ತರರು ಗೋಗರೆದರು. "ಸಿಗಿಸಿಬಿಡು. ಹುಡುಗರಿಗೆ ನಾನ ಬ್ಯಾರೆ ಏನರ ಹೇಳಿ ಹಾಕಸ್ತೇನಿ. ಆಕಿ ಹೆಂಗ ತಡಕೊಂಡಾಳು?"

ಹೊರಗೆ ಆಟೋ ನಿಂತ ಸದ್ದು. ಸೇವಂತಿಗೆ ಮಾಲೆಯ ಪೊಟ್ಟಣ ಹಿಡಿದು ಶಿವಲಿಂಗವ್ವ ಇಳಿಯುವುದು ಕಿಟಕಿಯಿಂದ ಕಂಡಿತು. ಸೌಮ್ಯಾ ಪಟ್ಟಿಯನ್ನು ಕೊಂಡಿಯ ಜಾಗಕ್ಕೆ ಒಯ್ದಳು. ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ.

"ಯಾಕ ಬಿಚ್ಚೀರಿ ಅದನ್ನ?" ಒಳಬಂದ ಶಿವಲಿಂಗವ್ವ ಕೇಳಿದಳು.

ಸೌಮ್ಯಾ ಹೇಳಿದಳು. ಗೆರೆಯನ್ನು ತೋರಿಸಿದಳು, ಮಾಸ್ತರರು ಮಾಡಿದ್ದನ್ನೂ ಮುಚ್ಚಿಡಲಿಲ್ಲ. ಶಿವಲಿಂಗವ್ವ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಆ ಕೆಂಪಿನ ಮೇಲೆ ಹೆಬ್ಬೆರಳಾಡಿಸಿದಳು.

"ಇದ್ದಿದ್ರ ಉಳೀತಿದ್ನೇನ?"

"ಗೊತ್ತಿಲ್ಲವ್ವಾ. ಚೆಂಡು ಮೊದಲು ಇದಕ್ಕ ಬಡೀತಿತ್ತು. ಅಷ್ಟ ಗೊತ್ತು."

ಶಿವಲಿಂಗವ್ವ ಮಗಳ ಕೈಯ ಪಟ್ಟಿಯನ್ನು ಗೆರೆಯ ಮೇಲಿಟ್ಟು ನೋಡಿ ತೆಗೆದಳು. ಹೊರಗೆ ಶಾಮಿಯಾನದ ಬಡಿತ ನಿಂತಿತ್ತು.

"ಎರಡು ವರ್ಷ ಶಿವನ್ನ ಬೈದೇನಿ," ಕಡೆಗೆ ಅವಳೆಂದಳು. "ಪಾಪ, ಸುಮ್ಮನ ಬೈಸ್ಕೊಂಡ." ಸೆರಗಿನಿಂದ ಮುಖ ಒರೆಸಿಕೊಂಡು ಹೆಲ್ಮೆಟ್ಟನ್ನು ಮಾಸ್ತರರ ಕೈಗಿತ್ತಳು. "ಒಳಗಿಡ್ರಿ ಮಾಸ್ತರ. ಪಟ್ಟಿ ಬ್ಯಾಡ. ಹೆಂಗ ಬಂದಿತ್ತೋ ಹಂಗ."

"ಭಿನ್ನ ಅದರೀ ಶಿವಲಿಂಗವ್ವಾರ..."

"ನನ್ನ ಮಗಾ ಭಿನ್ನ ಆಗೇ ಮನಿಗೆ ಬಂದ. ನಾ ಒಲ್ಲೆ ಅಂದೆನೇನು?" ಅವಳು ಬಾಗಿಲ ಕಡೆ ತಿರುಗಿದಳು. "ಏ ನವಾಜ, ಇಂಥಾವು ಎಷ್ಟು ಬೇಕಪಾ ನಿಮಗ? ಅವು ಬರೂತನಕ ಯಾರೂ ಬ್ಯಾಟ್ ಮುಟ್ಟೂಹಂಗಿಲ್ಲ."

ರವಿವಾರ, ಕ್ರೀಡಾ ಸಾಮಾನಿನ ಅಂಗಡಿಗಳೆಲ್ಲ ಮುಚ್ಚಿದ್ದವು. ನವಾಜ ಒಬ್ಬ ಅಂಗಡಿಕಾರನನ್ನು ಮನೆಯಿಂದಲೇ ಎಬ್ಬಿಸಿ ಕರೆತಂದು ಶಟರ್ ತೆಗೆಸಿದ. ಸಿಕ್ಕಿದ್ದು ಒಂದೇ; ಪೆಟ್ಟಿಗೆಯಿಂದ ಕಳಚಿದ್ದೂ ಸೇರಿ ಎರಡು. ಪಂದ್ಯ ತಡವಾಗಿ ಶುರುವಾಯಿತು. ಔಟಾದವನು ಹೊರಬಂದು ಮುಂದಿನವನಿಗೆ ಪಟ್ಟಿ ಬಿಚ್ಚಿಕೊಡುವವರೆಗೆ ಆಟ ನಿಲ್ಲುತ್ತಿತ್ತು. "ಔಟಾದವರು ಪಟ್ಟಿ ಕೊಟ್ಟು ಹೋಗ್ರಪಾ, ಮಾವನ ಮನೀದಂತ ಒಯ್ಯಬ್ಯಾಡ್ರಿ," ಎಂದು ಧ್ವನಿವರ್ಧಕ ಕೂಗಿದಾಗ ಶಾಮಿಯಾನವೆಲ್ಲ ನಕ್ಕಿತು. ಆಟ ಎಷ್ಟು ತಡವಾದರೂ ಅಂಪೈರು ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಸೌಮ್ಯಾ ಅಪ್ಪಣೆ ಕೇಳಿರಲಿಲ್ಲ, ತಾಯಿಯೂ ಕೊಟ್ಟಿರಲಿಲ್ಲ. ಅವಳು ಪ್ಯಾಡು ಕಟ್ಟಿಕೊಂಡು ಕಾದಳು. ಮೂರನೆಯ ವಿಕೆಟ್ ಬಿತ್ತು. ಅವಳು ಬೌಂಡರಿ ಹಗ್ಗದ ಬಳಿ ಬಂದು ನಿಂತಾಗ, ಹೊರಬಂದ ಆಟಗಾರನ ಕೈಯಿಂದ ಪಟ್ಟಿ ಇಸಿದುಕೊಂಡವಳು ಶಿವಲಿಂಗವ್ವ.

ಸೌಮ್ಯಾಳ ಹೆಲ್ಮೆಟ್ಟಿನ ಹಿಂದೆ ಕೊಂಡಿ ಟಕ್ಕೆಂದಿತು. ತಾಯಿ ಅದನ್ನು ಎಳೆದು ನೋಡಿದಳು, ಮತ್ತೊಮ್ಮೆ ಎಳೆದಳು. ಕೈ ಬಿಡಲಿಲ್ಲ. ಈ ಆಟದ ಒಂದು ಚೆಂಡನ್ನೂ ಈವರೆಗೆ ಕಣ್ಣಿಟ್ಟು ನೋಡಿರದ ಹೆಂಗಸು ಮೈದಾನದ ಆಚೆ ತುದಿಯನ್ನೇ ದಿಟ್ಟಿಸುತ್ತಿದ್ದಳು.

"ಆ ಹುಡುಗ ಯಾಕ ಅಷ್ಟು ದೂರ ಹೋಗಿ ನಿಂತಾನ?"

"ಓಡಿ ಬಂದು ಜೋರು ಒಗೀಲಿಕ್ಕೆ ಅವ್ವಾ."

"ಓಡಿ ಬರೂ ಮುಂದ ನೀ ಏನ್ ನೋಡ್ತಿ? ಅವನ ಮಾರಿನೋ, ಕಾಲೋ?"

"ಕೈ. ಚೆಂಡು ಬಿಡೂ ಕೈ ಒಂದ ನೋಡ್ತೇನಿ."

ಶಿವಲಿಂಗವ್ವ ಕೈ ಬಿಟ್ಟಳು. ಕುರ್ಚಿಯನ್ನು ಹಗ್ಗದ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

"ಹೋಗು. ಆ ಕೈ ನಾನೂ ನೋಡ್ತೇನಿ."